ಕೊಂಬು ತೊರಕೆ: ಅಲ್ಲಿ ನೋಡಲು ದುಡ್ಡು, ಇಲ್ಲಿ ಕಿಲೋ ಲೆಕ್ಕ

ತೆರೆಮೇಲೆ (ಚರ್ಚೆ ಆರಂಭಿಸಿದವರು)

ನಾನು ಕುಂದಾಪುರದ ಕಡೆಯವಳು. ಈಗ ಮಾಲ್ಡೀವ್ಸ್‌ನ ಬಾ ಅಟಾಲ್ ಎಂಬ ಹವಳದ್ವೀಪ ಸಮೂಹದಲ್ಲಿ ಒಂದು ರೆಸಾರ್ಟಿನ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಮಳೆಗಾಲ ಶುರುವಾಯಿತೆಂದರೆ ಇಲ್ಲಿ ಎಲ್ಲರದೂ ಒಂದೇ ವಿಚಾರಣೆ: ಹನಿಫಾರು ಕೊಲ್ಲಿಗೆ ಮಂಟಾ ಬಂದವೇ? ರೆಕ್ಕೆ ಬೀಸಿ ಈಜುವ ದೊಡ್ಡ ಚಪ್ಪಟೆ ಮೀನು ಅದು. ಬಂದವು ಎಂದು ಸುದ್ದಿ ಸಿಕ್ಕರೆ ಉಣ್ಣುತ್ತಿದ್ದ ಅತಿಥಿಗಳೂ ತಟ್ಟೆ ಬಿಟ್ಟು ದೋಣಿ ಹತ್ತುತ್ತಾರೆ. ಆ ಬಿಲ್ಲುಗಳೆಲ್ಲ ನನ್ನ ಮೇಜಿನ ಮೇಲೆಯೇ ಹಾದು ಹೋಗುವುದರಿಂದ, ಒಂದು ಮೀನಿನ ದರ್ಶನಕ್ಕೆ ಜನ ಎಷ್ಟು ಸುರಿಯುತ್ತಾರೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು.

ಫೋಟೊ ತೆಗೆದು ಊರಿನಲ್ಲಿರುವ ಮಾವನಿಗೆ ಕಳಿಸಿದೆ. "ಇದು ನಮ್ಮ ಕೊಂಬು ತೊರಕೆ ಅಲ್ಲವೇ? ಇದನ್ನು ನೋಡಲು ವಿಮಾನ ಹತ್ತಿ ಬರುತ್ತಾರೆಯೇ?" ಎಂದು ನಕ್ಕುಬಿಟ್ಟರು. 2020ರ ಅಕ್ಟೋಬರ್‌ನಲ್ಲಿ ಮಲ್ಪೆ ಬಂದರಿಗೆ ಬಂದಿದ್ದ ಜೋಡಿ ತೊರಕೆಗಳ ಸುದ್ದಿಯನ್ನೂ ನೆನಪಿಸಿದರು. ಒಂದು 750 ಕಿಲೋ, ಇನ್ನೊಂದು 250 ಕಿಲೋ. ಕ್ರೇನ್ ತಂದು ಎತ್ತಿದ ಆ ವಿಡಿಯೊವನ್ನು ನೀವೂ ನೋಡಿರಬಹುದು.

ಇಲ್ಲಿ ಕೈ ಚಾಚಿದರೂ ರೇಂಜರ್ ಸೀಟಿ ಊದುತ್ತಾನೆ. ಅಲ್ಲಿ ಹರಾಜು. ಎರಡೂ ಒಂದೇ ಜೀವಿಯೇ? ಒಂದೇ ಆಗಿದ್ದರೆ ಈ ಇಬ್ಬಗೆಯ ಬಾಳು ಏಕೆ? ತಿಳಿದವರು ಹೇಳಿ.

---

ನೀರ್ಗನ್ನಡಿ

ಒಂದೇ ಅಲ್ಲ, ಹತ್ತಿರದ ದಾಯಾದಿಗಳು.

ನಿಮ್ಮ ಹನಿಫಾರುವಿನದು ರೀಫ್ ಮಂಟಾ, ಮೊಬ್ಯುಲಾ ಆಲ್ಫ್ರೆಡಿ. ಹವಳದ ದಿಬ್ಬಗಳ ಆಸುಪಾಸಿನಲ್ಲೇ ಬಾಳು ಕಳೆಯುವಂಥದ್ದು. ಸಾಮಾನ್ಯವಾಗಿ ರೆಕ್ಕೆಯ ತುದಿಯಿಂದ ತುದಿಗೆ ಮೂರು, ಮೂರೂವರೆ ಮೀಟರ್, ಐದರವರೆಗೂ ಬೆಳೆಯಬಹುದು. ನಡುಗಡಲಿನಲ್ಲಿ ಅಲೆಯುವುದು ದೈತ್ಯ ಮಂಟಾ, ಮೊಬ್ಯುಲಾ ಬೈರಾಸ್ಟ್ರಿಸ್. ಅದು ಏಳು ಮೀಟರ್ ಮುಟ್ಟುತ್ತದೆ. ಇವೆರಡೂ ಬೇರೆ ಬೇರೆ ಪ್ರಭೇದ ಎನ್ನುವುದು 2009ರಲ್ಲಿ ಆಂಡ್ರಿಯಾ ಮಾರ್ಷಲ್ ಮತ್ತು ಸಂಗಡಿಗರು ಪ್ರಬಂಧ ಪ್ರಕಟಿಸಿದ ಮೇಲೆ ಖಚಿತವಾಯಿತು. ಅಲ್ಲಿಯವರೆಗೆ ಎಲ್ಲವನ್ನೂ ಒಂದೇ ಲೆಕ್ಕಕ್ಕೆ ಹಾಕಿದ್ದರು. 2025ರಲ್ಲಿ ಅಟ್ಲಾಂಟಿಕ್‌ನಿಂದ ಮೂರನೆಯದೊಂದಕ್ಕೂ ಹೆಸರು ಬಿತ್ತು. ಇಷ್ಟು ದೊಡ್ಡ ಪ್ರಾಣಿ ಎಷ್ಟು ಬಗೆಯಿದೆ ಎಂಬುದೇ ನಮಗೆ ಇಷ್ಟು ತಡವಾಗಿ ತಿಳಿಯುತ್ತಿದೆ, ನೋಡಿ. ಇವಲ್ಲದೆ ಇದೇ ಕುಲದಲ್ಲಿ ಡೆವಿಲ್ ರೇ ಎನ್ನುವ ಚಿಕ್ಕ ಸೋದರರಿವೆ. ನಮ್ಮ ದಕ್ಕೆಗಳಲ್ಲಿ (ಮೀನು ಇಳಿಸುವ ಕಟ್ಟೆಗಳಲ್ಲಿ) ಕೊಂಬಿರುವುದೆಲ್ಲ ಕೊಂಬು ತೊರಕೆಯೇ, ಅಲ್ಲಿ ಈ ಭೇದ ಯಾರೂ ಮಾಡುವುದಿಲ್ಲ.

ಫೋಟೊ ಸಿಕ್ಕರೆ ನಾನು ನೋಡುವುದು ಹೀಗೆ. ಮೊದಲು ಬಾಯಿ. ಮುಖದ ಮುಂತುದಿಯಲ್ಲೇ ಅಗಲವಾಗಿ ತೆರೆದಿದ್ದರೆ ಮಂಟಾ. ತಲೆಯ ಅಡಿಗೆ ಸರಿದಿದ್ದರೆ ಡೆವಿಲ್ ರೇ. ಮಂಟಾ ಎಂದಾದರೆ ಬೆನ್ನು ನೋಡಿ. ಹೆಗಲ ಮೇಲಿನ ಬಿಳಿ ಪಟ್ಟೆಗಳ ನಡುವೆ ಉಳಿಯುವ ಕಪ್ಪು ಇಂಗ್ಲಿಷಿನ 'ಟಿ' ಅಕ್ಷರದ ಹಾಗೆ ನೇರವಾಗಿ ಕತ್ತರಿಸಿದಂತಿದ್ದರೆ ದೈತ್ಯ, 'ವೈ' ಅಕ್ಷರದ ಹಾಗೆ ಇಳಿಜಾರಾಗಿ ಕರಗಿದ್ದರೆ ರೀಫ್. ಮಗುಚಿ ಹಾಕಿದ್ದರೆ ಇನ್ನೂ ಸುಲಭ: ಕಿವಿರಿನ ಸೀಳುಗಳ ನಡುವೆಯೂ ಕಪ್ಪು ಚುಕ್ಕೆಗಳಿದ್ದರೆ ರೀಫ್, ಚುಕ್ಕೆಗಳೆಲ್ಲ ಹೊಟ್ಟೆಯ ಕೆಳಭಾಗಕ್ಕೇ ಸೇರಿದ್ದು, ಬಾಯಿಯ ಸುತ್ತ ಮಸಿ ಬಳಿದಂತಿದ್ದರೆ ದೈತ್ಯ. ದೈತ್ಯನ ಬಾಲದ ಬುಡದಲ್ಲಿ ಒಂದು ಗಂಟೂ ಇರುತ್ತದೆ.

ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ರೀಫ್ ಮಂಟಾ 'ಅಪಾಯಕ್ಕೆ ತುತ್ತಾಗಬಲ್ಲ' ದರ್ಜೆಯಲ್ಲಿದೆ. ದೈತ್ಯ ಮಂಟಾ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿಳಿದು 'ಅಳಿವಿನಂಚಿನಲ್ಲಿರುವ' ದರ್ಜೆ ಸೇರಿ ಕೆಲವು ವರ್ಷಗಳಾದವು.

---

ದಕ್ಕೆಯವ

ನನಗೆ ಬೋಟ್ ಇದೆ, ಮಲ್ಪೆಯಲ್ಲಿ. ಆದ್ದರಿಂದ ನನ್ನ ಪಾಲಿನ ಮಾತನ್ನೂ ಹೇಳಿಬಿಡುತ್ತೇನೆ.

ಕೊಂಬು ತೊರಕೆ ಹಿಡಿಯುತ್ತೇನೆಂದು ಹೊರಡುವ ತಾಂಡೇಲ, ಅಂದರೆ ಬೋಟಿನ ಮುಖ್ಯಸ್ಥ, ನಮ್ಮಲ್ಲಿ ಒಬ್ಬನೂ ಇಲ್ಲ. ಡೀಸೆಲ್ ಹಾಕಿ, ಐಸ್ ತುಂಬಿಸಿ, ಕಲಾಸಿಗಳನ್ನು (ಬೋಟಿನ ಆಳುಗಳನ್ನು) ಕರೆದುಕೊಂಡು ಹೋಗುವುದು ಬಂಗುಡೆಗೆ, ಅಂಜಲಿಗೆ, ರಾಣಿ ಮೀನಿಗೆ, ಬೊಂಡಾಸಿಗೆ. ತೊರಕೆ ತಾನಾಗಿ ಬಂದು ಬಲೆಗೆ ಬೀಳುತ್ತದೆ. ಬಿದ್ದರೆ ನಮಗೆ ಸಂಭ್ರಮವೇನೂ ಇಲ್ಲ. ಬಲೆ ಹರಿಯುತ್ತದೆ, ವಿಂಚ್ ಮೇಲೆ ಭಾರ ಬೀಳುತ್ತದೆ, ಉಳಿದ ಮೀನು ಅದರಡಿ ಸಿಕ್ಕಿ ಜಜ್ಜಿಹೋಗುತ್ತದೆ. ಮೇಲೆ ಬರುವ ಹೊತ್ತಿಗೆ ಹೆಚ್ಚಿನವು ಸತ್ತೇ ಇರುತ್ತವೆ. ಸತ್ತದ್ದನ್ನು ಎಸೆದು ಬರುವುದೋ, ತಂದು ನಾಲ್ಕು ಕಾಸು ಮಾಡುವುದೋ? ನೀವೇ ಹೇಳಿ.

ಸುದ್ದಿಯವರು ಬಂದು ಫೋಟೊ ತೆಗೆದು, "ಮೀನುಗಾರರಿಗೆ ಖುಲಾಯಿಸಿದ ಅದೃಷ್ಟ" ಎಂದು ಬರೆಯುತ್ತಾರೆ. ಆಮೇಲೆ ನಗರದವರು ಅದೇ ಫೋಟೊ ನೋಡಿ ನಮ್ಮನ್ನು ಕಟುಕರು ಎನ್ನುತ್ತಾರೆ. ನಾವು ಎರಡೂ ಅಲ್ಲ.

---

ಪುಳಿಮುಂಚಿ

ತೊರಕೆ ಪುಳಿಮುಂಚಿ ತಿಂದು ಬೆಳೆದವನು ನಾನು, ಈಗ ಬೆಂಗಳೂರಿನಲ್ಲಿ ಅದಕ್ಕಾಗಿ ಮೈಲಿಗಟ್ಟಲೆ ಅಲೆಯುತ್ತೇನೆ. ಈ ಚರ್ಚೆ ಓದಿ ಹೊಟ್ಟೆಯಲ್ಲಿ ಸಂಕಟವಾಗುತ್ತಿದೆ. ನಾನು ತಿನ್ನುವುದನ್ನು ನಿಲ್ಲಿಸಬೇಕೇ?

---

ನೀರ್ಗನ್ನಡಿ

ಮಾರುಕಟ್ಟೆಯಲ್ಲಿ ತುಂಡು ಮಾಡಿ ಕೊಡುವುದು ಹೆಚ್ಚಾಗಿ ಬಾಲದಲ್ಲಿ ಮುಳ್ಳಿರುವ, ತಳದ ಮಣ್ಣಿನಲ್ಲಿ ಮಲಗುವ ತೊರಕೆಗಳು. ಮಂಟಾ ಬೇರೆ, ಅದಕ್ಕೆ ಚುಚ್ಚುವ ಮುಳ್ಳೇ ಇಲ್ಲ. ಹಾಗೆಂದು ಮುಳ್ಳು ತೊರಕೆಗಳೆಲ್ಲ ಸುಖವಾಗಿವೆ ಎಂದೇನಲ್ಲ. 2021ರ ಜಾಗತಿಕ ಅಂದಾಜಿನಲ್ಲಿ ಶಾರ್ಕ್ ಮತ್ತು ತೊರಕೆಗಳ ಮೂರನೇ ಒಂದು ಭಾಗಕ್ಕೂ ಹೆಚ್ಚು ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ. ನಿಮಗೆ ಉಪದೇಶ ಮಾಡುವುದಿಲ್ಲ. ಮೀನಿನವರ ಹತ್ತಿರ ಅದು ಯಾವ ತೊರಕೆ ಎಂದು ಕೇಳಿ. ರೆಕ್ಕೆಯ ದೊಡ್ಡ ತುಂಡುಗಳನ್ನು ಹೆಸರಿಲ್ಲದೆ ಮಾರುತ್ತಿದ್ದರೆ ಬಿಟ್ಟು ಬನ್ನಿ.

ದಕ್ಕೆಯವರಿಗೆ: ನಿಮ್ಮ ಮಾತು ಸರಿ. ಮೇಲೆ ಬರುವ ಹೊತ್ತಿಗೆ ಸತ್ತಿರುವುದಕ್ಕೆ ಕಾರಣವೂ ಇದೆ. ತಳದಲ್ಲಿ ಮಲಗುವ ತೊರಕೆ ಕಣ್ಣಿನ ಹಿಂದಿನ ರಂಧ್ರದಿಂದ ನೀರೆಳೆದುಕೊಂಡು ಕೂತಲ್ಲೇ ಉಸಿರಾಡಬಲ್ಲದು. ಮಂಟಾ ಈಜುತ್ತಲೇ ಇರಬೇಕು, ಆಗಲೇ ಕಿವಿರಿನ ಮೇಲೆ ನೀರು ಹರಿಯುವುದು. ಬಲೆ ಅದನ್ನು ನಿಲ್ಲಿಸಿತೆಂದರೆ ನೀರಿನೊಳಗೇ ಉಸಿರುಕಟ್ಟುತ್ತದೆ. ಮೇಲಾಗಿ ಅದಕ್ಕೆ ಹಿಂದಕ್ಕೆ ಈಜಲು ಬಾರದು. ಹಗ್ಗ ಕೊಂಬಿಗೆ ತಗುಲಿದರೆ ಬಿಡಿಸಿಕೊಳ್ಳಲು ಮುಂದಕ್ಕೆ ಪಲ್ಟಿ ಹೊಡೆಯುತ್ತದೆ. ಪಲ್ಟಿ ಹೊಡೆದಷ್ಟೂ ಹಗ್ಗ ಸುತ್ತಿಕೊಳ್ಳುತ್ತದೆ.

---

ಕಟ್ಟೆ ಪಂಚಾಯಿತಿ

ನಾನು ಮೈಸೂರಿನವನು, ಸಮುದ್ರ ಕಂಡದ್ದೇ ಅಪರೂಪ. ಒಂದು ಅನುಮಾನ. ಬಂಗುಡೆಯನ್ನು ಲಾರಿಗಟ್ಟಲೆ ಹಿಡಿಯುತ್ತಾರೆ, ಆದರೂ ಮರುವರ್ಷ ಬರುತ್ತದೆ. ಯಾರೂ ಬೇಕೆಂದು ಹಿಡಿಯದ, ಅಲ್ಲೊಂದು ಇಲ್ಲೊಂದು ಬಲೆಗೆ ಬೀಳುವ ತೊರಕೆ ಮಾತ್ರ ಹೇಗೆ ಮುಗಿದುಹೋಗುತ್ತದೆ? ಕಾಳಜಿಯ ಹೆಸರಿನಲ್ಲಿ ಗಾಬರಿ ಹುಟ್ಟಿಸುತ್ತಿದ್ದೀರೇನೋ.

---

ನೀರ್ಗನ್ನಡಿ

ಇಡೀ ವಿಷಯದ ಬೇರು ಇರುವುದೇ ನಿಮ್ಮ ಪ್ರಶ್ನೆಯಲ್ಲಿ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬಂಗುಡೆ ಸಾವಿರಾರು ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ, ವರ್ಷ ತುಂಬುವುದರೊಳಗೆ ಮರಿಯೂ ಮೊಟ್ಟೆಯಿಡುವ ವಯಸ್ಸಿಗೆ ಬಂದಿರುತ್ತದೆ. ಮಂಟಾ ಮೊಟ್ಟೆಯಿಡುವುದಿಲ್ಲ. ಬಸಿರು ಸುಮಾರು ಒಂದು ವರ್ಷ. ಹುಟ್ಟುವುದು ಒಂದೇ ಮರಿ. ಅವಳಿ ಎನ್ನುವುದು ಅಪರೂಪದ ಮಾತು. ಮರಿಗೆ ಹೊಕ್ಕುಳಬಳ್ಳಿ ಇಲ್ಲ, ಮಾಸು ಇಲ್ಲ. ಮೊದಮೊದಲು ಮೊಟ್ಟೆಯ ಹಳದಿ ಭಾಗವನ್ನೇ ಉಂಡು, ಅದು ಮುಗಿದ ಮೇಲೆ ತಾಯಿಯ ಗರ್ಭಕೋಶದ ಗೋಡೆಯಿಂದ ಒಸರುವ ಕೊಬ್ಬಿನ ಹಾಲನ್ನು ಕುಡಿದು ಬೆಳೆಯುತ್ತದೆ. ಜಪಾನಿನ ಒಕಿನಾವಾ ಚುರಾವುಮಿ ಅಕ್ವೇರಿಯಂನವರು ಬಸುರಿ ಮಂಟಾದ ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಹಿಡಿದು ನೋಡಿದರು: ಒಳಗಿನ ಮರಿ ಬಾಯಿಯನ್ನು ತೆರೆದು ಮುಚ್ಚಿ, ಗರ್ಭದ ದ್ರವವನ್ನೇ ಕಿವಿರಿಗೆ ಪಂಪ್ ಮಾಡಿಕೊಂಡು ಉಸಿರಾಡುತ್ತಿತ್ತು. ಮಂಟಾ ಮನುಷ್ಯರ ಆರೈಕೆಯಲ್ಲಿ ಮೊದಲ ಬಾರಿಗೆ ಮರಿ ಹಾಕಿದ್ದೂ ಅಲ್ಲೇ, 2007ರಲ್ಲಿ. ಹುಟ್ಟುವಾಗಲೇ ಮರಿಯ ಅಗಲ ಸುಮಾರು ಒಂದೂವರೆ ಮೀಟರ್. ರೆಕ್ಕೆಗಳನ್ನು ಮಡಚಿ ಸುತ್ತಿಕೊಂಡು ಹೊರಬರುತ್ತದೆ, ಬಂದೊಡನೆ ಬಿಚ್ಚಿಕೊಂಡು ಈಜುತ್ತದೆ. ತಾಯಿಯ ಆರೈಕೆ ಅಲ್ಲಿಗೆ ಮುಗಿಯಿತು.

ಮುಂದಿನ ಬಸಿರು ಎಂದು? ಎರಡರಿಂದ ಐದು ವರ್ಷಕ್ಕೊಮ್ಮೆ ಎನ್ನುವುದು ಸಾಮಾನ್ಯ ಲೆಕ್ಕ. ಆಹಾರ ಕಡಿಮೆಯಾದ ಕಡೆ ಇನ್ನೂ ತಡ. ಮಾಲ್ಡೀವ್ಸ್‌ನಲ್ಲಿ ಹೆಣ್ಣು ಮೊದಲ ಬಾರಿಗೆ ಬಸಿರಾಗುವ ಹೊತ್ತಿಗೆ ಹೆಚ್ಚು ಕಡಿಮೆ ಹದಿನೈದು ವರ್ಷ ದಾಟಿರುತ್ತದೆ. ಆಯಸ್ಸು ನಲವತ್ತು ಎಂದಿಟ್ಟುಕೊಂಡು ನೀವೇ ಭಾಗಿಸಿ. ಒಂದು ಹೆಣ್ಣು ಜೀವಮಾನದಲ್ಲಿ ಸರಾಸರಿ ಏಳೆಂಟು ಮರಿ ಹಾಕಬಹುದು, ಅಷ್ಟೇ. ಅವುಗಳಲ್ಲಿ ಎಷ್ಟು ಹದಿನೈದು ವರ್ಷ ದಾಟುತ್ತವೆ?

ಹಾಗಾಗಿ ಕಟ್ಟೆ ಪಂಚಾಯಿತಿಯವರೇ, ಲಾರಿಗಟ್ಟಲೆ ಹಿಡಿಯುವುದೇ ಬೇಕಿಲ್ಲ. ಒಂದು ದ್ವೀಪದ ಸುತ್ತ ಇನ್ನೂರು ಮಂಟಾ ಇದ್ದು, ವರ್ಷಕ್ಕೆ ಹತ್ತಿಪ್ಪತ್ತು ಬಲೆಗೆ ಸಿಕ್ಕರೂ ಹುಟ್ಟುವುದಕ್ಕಿಂತ ಸಾಯುವುದೇ ಮುಂದಾಗುತ್ತದೆ. ಬಂಗುಡೆಯದು ಸಂಬಳದಲ್ಲಿ ನಡೆಯುವ ಸಂಸಾರವಾದರೆ, ಇದು ಪಿತ್ರಾರ್ಜಿತವನ್ನು ಮಾರಿ ಉಣ್ಣುವ ಸಂಸಾರ.

ಗಾಬರಿ ಹುಟ್ಟಿಸುವ ಮಾತಲ್ಲ, ಎಣಿಸಿ ಕಂಡದ್ದು. ಮೊಜಾಂಬಿಕ್‌ನ ಇನ್ಹಾಂಬಾನೆ ಕರಾವಳಿಯಲ್ಲಿ 2003ರಿಂದ 2011ರೊಳಗೆ ರೀಫ್ ಮಂಟಾಗಳು ಕಣ್ಣಿಗೆ ಬೀಳುವುದು ಶೇ 88ರಷ್ಟು ಕಡಿಮೆಯಾಯಿತು.

---

ಕಟ್ಟೆ ಪಂಚಾಯಿತಿ

ಈಗ ಅರ್ಥವಾಯಿತು. ಆದರೂ ಬೇಡದ ಮೀನಾದರೆ ಇಷ್ಟೊಂದು ಸಾಯುವುದೇಕೆ? ಎಲ್ಲೋ ಯಾರಿಗೋ ಅದು ಬೇಕಾಗಿರಲೇಬೇಕಲ್ಲ.

---

ಮುಳುಗುಗಾರ

ಬೇಕಾಗಿದೆ. ಮಾಂಸಕ್ಕಲ್ಲ, ಕಿವಿರಿಗೆ.

ಮಂಟಾದ ಕಿವಿರಿನ ಕಮಾನುಗಳ ಮೇಲೆ ಗರಿಗರಿಯಾದ ಫಲಕಗಳಿರುತ್ತವೆ. ಒಣಗಿಸಿದರೆ ಕಂದು ಬಣ್ಣದ, ಪುಕ್ಕದಂಥ ಪಟ್ಟಿಗಳು. ಇವನ್ನು ಚೀನಾದಲ್ಲಿ 'ಪೆಂಗ್ ಯೂ ಸಾಯ್' ಎಂಬ ಹೆಸರಿನಲ್ಲಿ ಸೂಪಿಗೆ ಹಾಕುತ್ತಾರೆ. ಮೈಯ ನಂಜು ತೆಗೆಯುತ್ತದೆ, ರೋಗ ನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಮಾರುತ್ತಾರೆ. ಈ ವ್ಯಾಪಾರದ ದೊಡ್ಡ ಮಂಡಿ ಗುವಾಂಗ್‌ಝೌ ನಗರ. ಸರಕು ಹೋಗುತ್ತಿದ್ದದ್ದು ಮುಖ್ಯವಾಗಿ ಇಂಡೊನೇಷ್ಯಾ, ಶ್ರೀಲಂಕಾ ಮತ್ತು ನಮ್ಮ ಭಾರತದಿಂದ. ಹಿಂದೆ ಬಲೆಗೆ ಬಿದ್ದದ್ದನ್ನು ಕಡಿದು ಹಾಕುವಷ್ಟು ಬೇಸರದ ಸರಕಾಗಿದ್ದದ್ದು, ಕಿವಿರಿಗೆ ಬೆಲೆ ಬಂದ ಮೇಲೆ ತಂದೇ ತರಬೇಕಾದ ಸರಕಾಯಿತು. ಇಂಡೊನೇಷ್ಯಾದ ಲಮಕೇರಾ ಎಂಬ ಹಳ್ಳಿಯವರು ತಲೆತಲಾಂತರದಿಂದ ಭರ್ಜಿ ಹಿಡಿದು ಮಂಟಾ ಬೇಟೆಯಾಡುತ್ತಿದ್ದರು, ಊರಿನ ಊಟಕ್ಕೆ. ಕಿವಿರಿನ ವ್ಯಾಪಾರಿ ಬಂದ ಮೇಲೆ ಹಾಯಿದೋಣಿಗೆ ಎಂಜಿನ್ ಬಂತು, ಬೇಟೆ ಹಲವು ಪಟ್ಟಾಯಿತು.

---

ನೀರ್ಗನ್ನಡಿ

ಆ ಫಲಕಗಳ ನಿಜವಾದ ಕೆಲಸದ ಬಗ್ಗೆ ಎರಡು ಮಾತು ಹೇಳದೆ ಇರಲಾರೆ, ಏಕೆಂದರೆ ಅದು ನನಗೆ ತುಂಬ ಇಷ್ಟವಾದ ಸಂಗತಿ.

ಮಂಟಾ ತಿನ್ನುವುದು ನೀರಿನಲ್ಲಿ ತೇಲುವ ಅತಿ ಸಣ್ಣ ಪ್ಲವಕ ಜೀವಿಗಳನ್ನು. ಬಾಯಿ ತೆರೆದು ಈಜುತ್ತದೆ, ಕೊಂಬುಗಳನ್ನು ಬಿಚ್ಚಿ ನೀರನ್ನು ಬಾಯೊಳಗೆ ತಿರುಗಿಸುತ್ತದೆ. ನಾವು ಕೊಂಬು ಎನ್ನುವುದು ನಿಜವಾಗಿ ತಲೆಯ ಈಜುರೆಕ್ಕೆ. ಸುಮ್ಮನೆ ಈಜುವಾಗ ಸುರುಳಿ ಸುತ್ತಿಕೊಂಡಿರುತ್ತದೆ, ಉಣ್ಣುವಾಗ ಬಿಚ್ಚಿಕೊಳ್ಳುತ್ತದೆ. ಆದರೆ ಯಾವುದೇ ಜರಡಿಗೂ ಒಂದು ಶಾಪವಿದೆ: ಕಟ್ಟಿಕೊಳ್ಳುತ್ತದೆ. ಮಂಟಾದ ಜರಡಿ ಮಾತ್ರ ಕಟ್ಟಿಕೊಳ್ಳುವುದಿಲ್ಲ. 2018ರಲ್ಲಿ ಅಮೆರಿಕದ ಸಂಶೋಧಕರು ಇದರ ಗುಟ್ಟು ಬಿಡಿಸಿದರು. ನೀರು ಫಲಕದ ಸಾಲುಗಳ ಮೇಲೆ ಹಾಯುವಾಗ ಪ್ರತಿ ಸಂದಿನಲ್ಲೂ ಒಂದು ಪುಟ್ಟ ಸುಳಿ ಏಳುತ್ತದೆ. ನೀರು ಸಂದಿನೊಳಗೆ ನುಸುಳಿ ಹೊರಹೋಗುತ್ತದೆ. ಪ್ಲವಕದ ಕಣ ಮಾತ್ರ ಫಲಕಕ್ಕೆ ಬಡಿದು ಪುಟಿದು ಮತ್ತೆ ಮುಖ್ಯ ಪ್ರವಾಹಕ್ಕೆ ಸೇರಿ ಗಂಟಲಿಗೆ ಹೋಗುತ್ತದೆ. ಸಂದಿಗಿಂತ ಚಿಕ್ಕದಾದ ಕಣವೂ ಹೀಗೆ ಪುಟಿಯುತ್ತದೆ. ಹಾಗಾಗಿ ಜರಡಿಯಲ್ಲಿ ಏನೂ ಸಿಕ್ಕಿಕೊಳ್ಳುವುದಿಲ್ಲ.

ಇಂಥ ಅಂಗವನ್ನು ಕಿತ್ತು ಸೂಪಿಗೆ ಹಾಕುತ್ತಾರೆ. ನನ್ನ ಸಿಟ್ಟನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

---

ತೆರೆಮೇಲೆ

ನೀರ್ಗನ್ನಡಿಯವರೇ, ನೀವು ಬರೆದ ಆ ಕೊಂಬು ಬಿಚ್ಚುವುದನ್ನು ನಾನು ಮೇಲಿನಿಂದ ಕಂಡಿದ್ದೇನೆ. ಹನಿಫಾರು ಒಂದು ಕಡೆ ಮುಚ್ಚಿದ ಸಣ್ಣ ಕೊಲ್ಲಿ, ಫುಟ್‌ಬಾಲ್ ಮೈದಾನದಷ್ಟಿರಬಹುದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತದ ನೀರು ಪ್ಲವಕವನ್ನು ತಳ್ಳಿಕೊಂಡು ಬಂದು ಈ ಮೂಲೆಯಲ್ಲಿ ತುಂಬುತ್ತದೆ. ಅಂದು ನೀರು ಗಂಜಿ ತಿಳಿಯಂತೆ ಮಸುಕಾಗಿರುತ್ತದೆ, ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ಆಮೇಲೆ ಆ ಮಸುಕಿನೊಳಗಿಂದ ಒಂದು ಬಿಳಿ ಬಾಯಿ ನೇರ ನಿಮ್ಮೆಡೆಗೇ ಬರುತ್ತದೆ. ಇನ್ನೇನು ಡಿಕ್ಕಿ ಎನ್ನುವಷ್ಟರಲ್ಲಿ ರೆಕ್ಕೆ ಓರೆ ಮಾಡಿ ಅಡಿಯಿಂದ ಜಾರಿಹೋಗುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೆಲವೊಮ್ಮೆ ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗುವಂತೆ ಸಾಲುಗಟ್ಟಿ ವೃತ್ತವಾಗಿ ಸುತ್ತುತ್ತವೆ, ಸುಳಿಯ ನಡುವೆ ಪ್ಲವಕ ಒತ್ತೊತ್ತಾಗಲಿ ಎಂದು. ನೂರಕ್ಕೂ ಮಿಕ್ಕು ಸೇರಿದ ದಿನಗಳುಂಟಂತೆ. ನಾನು ಅಷ್ಟು ಕಂಡಿಲ್ಲ.

ಇಲ್ಲಿನ ನಿಯಮಗಳ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ. 2009ರಲ್ಲಿ ಹನಿಫಾರುವನ್ನು ರಕ್ಷಿತ ಪ್ರದೇಶವೆಂದು ಘೋಷಿಸಿದರು. 2011ರಲ್ಲಿ ಇಡೀ ಬಾ ಅಟಾಲ್ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶವಾಯಿತು. ಕೊಲ್ಲಿಯೊಳಗೆ ಸಿಲಿಂಡರ್ ಕಟ್ಟಿ ಮುಳುಗುವಂತಿಲ್ಲ, ಸ್ನಾರ್ಕೆಲ್ ಮಾತ್ರ. ಒಮ್ಮೆಗೆ ಇಷ್ಟೇ ಜನ, ಇಷ್ಟೇ ಹೊತ್ತು ಎಂಬ ಮಿತಿ ಇದೆ. ತೊರಕೆಗಳ ರಫ್ತನ್ನು ಈ ದೇಶ ತೊಂಬತ್ತರ ದಶಕದಲ್ಲೇ ನಿಲ್ಲಿಸಿತ್ತು. 2014ರಿಂದ ಎಲ್ಲ ಬಗೆಯ ತೊರಕೆಗಳಿಗೂ ಕಾನೂನಿನ ರಕ್ಷಣೆ ಇದೆ.

---

ದಕ್ಕೆಯವ

ತಂಗೀ, ಅವರಿಗೆ ಅದು ಕಷ್ಟವಾಗಲಿಲ್ಲ. ಅವರು ಗಾಳ ಹಾಕಿ ಒಂದೊಂದಾಗಿ ಕೇದರ (ಟ್ಯೂನಾ) ಹಿಡಿಯುವವರು, ಬಲೆ ಬೀಸುವವರಲ್ಲ. ತೊರಕೆ ಅವರಿಗೆ ಎಂದೂ ಮುಖ್ಯ ಮೀನೇ ಆಗಿರಲಿಲ್ಲ. ಮೇಲೆ ಡಾಲರ್ ತರುವ ಪ್ರವಾಸಿಗರು. ನಮ್ಮಲ್ಲಿ ನೂರಾರು ಬೋಟುಗಳು, ಒಂದೊಂದು ಬೋಟಿಗೂ ಬ್ಯಾಂಕಿನ ಸಾಲ. ಅಲ್ಲಿನ ನಿಯಮ ತಂದು ಇಲ್ಲಿ ಅಂಟಿಸಿದರೆ ಅಂಟುವುದಿಲ್ಲ.

---

ಮುಳುಗುಗಾರ

ಅಣ್ಣ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಪ್ರವಾಸೋದ್ಯಮದ ಹಣ ದೊಡ್ಡದೇ: 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಾಲ್ಡೀವ್ಸ್‌ನಲ್ಲಿ ಮಂಟಾ ವೀಕ್ಷಣೆಯಿಂದಲೇ ವರ್ಷಕ್ಕೆ ಸುಮಾರು 81 ಲಕ್ಷ ಡಾಲರ್ ನೇರ ವರಮಾನ ಬರುತ್ತದೆ ಎಂದು ಲೆಕ್ಕ ಹಾಕಿತ್ತು. ಆದರೆ ಪ್ರವಾಸಿಗರನ್ನು ದೇವರು ಎಂದುಕೊಳ್ಳುವುದೂ ಬೇಡ. ಬೆನ್ನ ಮೇಲೆ ಪ್ರೊಪೆಲ್ಲರ್ ಗೆರೆ ಎಳೆಸಿಕೊಂಡ ಮಂಟಾಗಳು ಅಲ್ಲಿಯೂ ಇವೆ, ಮೀನಿನ ದಾರ ಸುತ್ತಿಕೊಂಡು ಕೊಂಬು ಕಳೆದುಕೊಂಡವೂ ಇವೆ. ಫೋಟೊದ ಆಸೆಗೆ ಜನ ಮೇಲೆರಗಿದರೆ ಅವು ಉಣ್ಣುವುದನ್ನು ಬಿಟ್ಟು ಹೋಗುತ್ತವೆ. ಮೈಯ ಕೊಳೆ, ಪರಾವಲಂಬಿ ಜೀವಿಗಳನ್ನು ಸಣ್ಣ ಮೀನುಗಳಿಂದ ತೆಗೆಸಿಕೊಳ್ಳಲು ಮಂಟಾಗಳು ಕೆಲವು ಹವಳದ ಬಂಡೆಗಳಿಗೇ ಮತ್ತೆ ಮತ್ತೆ ಬರುತ್ತವೆ. ಮುಳುಗುಗಾರನೊಬ್ಬ ಆ ಬಂಡೆಯ ಮೇಲೆಯೇ ಹೋಗಿ ನಿಂತರೆ ಅಂದಿನ ಚಾಕರಿ ಕೆಟ್ಟಿತು. ನಮ್ಮ ಪಂಗಡದವರೇ ಈ ತಪ್ಪು ಮಾಡುವುದನ್ನು ಕಂಡು ಜಗಳವಾಡಿದ್ದೇನೆ.

ಇನ್ನರ್ಧಕ್ಕೆ ಇಂಡೊನೇಷ್ಯಾ ನೋಡಿ. ಅದು ಬಲೆಯವರ ದೇಶ, ಬಡವರ ದೇಶ, ಕಿವಿರು ಮಾರಿದ ದೇಶ. 2014ರಲ್ಲಿ ಇಡೀ ದೇಶದಲ್ಲಿ ಮಂಟಾ ಹಿಡಿಯುವುದನ್ನು ನಿಷೇಧಿಸಿದರು. ಅದಕ್ಕೂ ಮೊದಲೇ ರಾಜಾ ಅಂಪಾಟ್ ದ್ವೀಪಗಳಲ್ಲಿ ಶಾರ್ಕ್, ತೊರಕೆಗಳಿಗೆ ರಕ್ಷಣೆ ಕೊಟ್ಟಿದ್ದರು. ಹೊಟ್ಟೆಯ ಚುಕ್ಕೆಗಳ ಫೋಟೊ ಇಟ್ಟುಕೊಂಡು ಅಲ್ಲಿ ವರ್ಷಗಟ್ಟಲೆ ಲೆಕ್ಕ ಇಟ್ಟವರು, ರೀಫ್ ಮಂಟಾಗಳ ಸಂಖ್ಯೆ ಏರುತ್ತಿದೆ ಎಂದು 2022ರಲ್ಲಿ ಪ್ರಕಟಿಸಿದರು. ಕಡಿಮೆಯಾದದ್ದೇ ಸುದ್ದಿಯಾಗುವ ಈ ಕ್ಷೇತ್ರದಲ್ಲಿ ಏರಿದ ಸುದ್ದಿ ಅಪರೂಪ.

---

ಪುಳಿಮುಂಚಿ

ಚುಕ್ಕೆಗಳ ಫೋಟೊ ಎಂದರೆ?

---

ಮುಳುಗುಗಾರ

ಪ್ರತಿ ಮಂಟಾದ ಹೊಟ್ಟೆಯ ಚುಕ್ಕೆಗಳ ವಿನ್ಯಾಸ ಬೇರೆ ಬೇರೆ, ಹುಟ್ಟಿನಿಂದ ಸಾವಿನವರೆಗೂ ಹೆಚ್ಚು ಕಡಿಮೆ ಅದೇ. ಅಡಿಯಿಂದ ಒಂದು ಫೋಟೊ ಸಿಕ್ಕರೆ ಅದರ ಗುರುತು ಹತ್ತಿದಂತೆ. ಗೈ ಸ್ಟೀವನ್ಸ್ 2005ರಲ್ಲಿ ಮಾಲ್ಡೀವ್ಸ್‌ನಲ್ಲಿ ಹೀಗೆ ಪಟ್ಟಿ ಮಾಡಲು ತೊಡಗಿದರು. ಅದೇ ಕೆಲಸ ಬೆಳೆದು ಮಂಟಾ ಟ್ರಸ್ಟ್ ಎಂಬ ಸಂಸ್ಥೆಯಾಯಿತು. ಈಗ ಆ ದೇಶವೊಂದರಲ್ಲೇ ಗುರುತು ಹಿಡಿದ ರೀಫ್ ಮಂಟಾಗಳು ಐದು ಸಾವಿರ ದಾಟಿವೆ. ಪ್ರವಾಸಿಗರ ಫೋಟೊಗಳೂ ಇದಕ್ಕೆ ಸೇರುತ್ತವೆ. ಲಕ್ಷದ್ವೀಪದಲ್ಲೂ ರೀಫ್ ಮಂಟಾಗಳಿವೆ. ಅಲ್ಲಿಗೆ ಹೋಗುವ ಕನ್ನಡಿಗರು ಬೆನ್ನಿನ ಚಂದಕ್ಕೆ ಮರುಳಾಗದೆ ಹೊಟ್ಟೆಯ ಫೋಟೊ ತೆಗೆಯಿರಿ ಎನ್ನುವುದು ನನ್ನ ಬೇಡಿಕೆ.

(ಆಸ್ಟ್ರೇಲಿಯಾದ ಲೇಡಿ ಎಲಿಯಟ್ ದ್ವೀಪದ ಬಳಿ ಗುಲಾಬಿ ಹೊಟ್ಟೆಯ ಒಂದು ಗಂಡು ಮಂಟಾ ಇದೆ. ನೋಡಬೇಕೆಂಬ ಆಸೆ. ದುಡ್ಡಿಲ್ಲ.)

---

ಕಟ್ಟೆ ಪಂಚಾಯಿತಿ

ಭಾರತದ ಕಾನೂನು ಏನು ಹೇಳುತ್ತದೆ? ಅದನ್ನು ಯಾರೂ ಬರೆಯಲಿಲ್ಲ.

---

ನೀರ್ಗನ್ನಡಿ

ಚಿಕ್ಕದಾಗಿ ಹೇಳುತ್ತೇನೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ ಸೈಟಿಸ್. 2013ರಲ್ಲಿ ಬ್ಯಾಂಕಾಕ್ ಸಭೆ ಮಂಟಾಗಳನ್ನು ಅದರ ಎರಡನೇ ಅನುಬಂಧಕ್ಕೆ ಸೇರಿಸಿತು, 2016ರಲ್ಲಿ ಡೆವಿಲ್ ರೇಗಳೂ ಸೇರಿದವು. ಅಂದರೆ ಪರವಾನಗಿ ಇಲ್ಲದೆ ರಫ್ತು ಇಲ್ಲ. 2025ರ ಕೊನೆಯಲ್ಲಿ ಸಮರ್ಕಂಡ್‌ನಲ್ಲಿ ಇಡೀ ಕುಲವನ್ನು ಮೊದಲನೇ ಅನುಬಂಧಕ್ಕೆ ಏರಿಸುವ ತೀರ್ಮಾನವಾಯಿತು: ವಾಣಿಜ್ಯ ವ್ಯಾಪಾರವೇ ಬೇಡ ಎಂದು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಯಾಯಿತು; ಸೈಟಿಸ್ ಪಟ್ಟಿಯ ಜೀವಿಗಳ ವ್ಯಾಪಾರಕ್ಕೆಂದೇ ಅದರಲ್ಲಿ ಬೇರೆ ಅನುಸೂಚಿ ಇದೆ. ಕಿವಿರು ರಫ್ತು ಮಾಡುವವನ ಮೇಲೆ ಹಗ್ಗ ಬಿಗಿಯಾಗಿದೆ.

ಆದರೆ ಕಾನೂನು ಬಲೆಯ ಕಣ್ಣಿಗೆ ಓದು ಕಲಿಸುವುದಿಲ್ಲ. ದಕ್ಕೆಯವರ ಬೋಟಿಗೆ ಸಿಗುವ ತೊರಕೆ ರಾತ್ರಿ ಕತ್ತಲಲ್ಲಿ, ದಡದಿಂದ ಬಹುದೂರದಲ್ಲಿ ಸಿಗುತ್ತದೆ. ಅಲ್ಲಿ ತೀರ್ಮಾನ ತೆಗೆದುಕೊಳ್ಳುವವನು ತಾಂಡೇಲ, ಕಾಯ್ದೆಯಲ್ಲ.

---

ದಕ್ಕೆಯವ

ಈ ಮಾತಿಗೆ ನಿಮಗೊಂದು ನಮಸ್ಕಾರ.

ಹಾಗಾದರೆ ಕೇಳಿ. ಜೀವ ಇರುವ ತೊರಕೆ ಸಿಕ್ಕಿದರೆ ಬಿಡಲು ನಮ್ಮ ಹುಡುಗರು ತಯಾರಿದ್ದಾರೆ. ಆದರೆ ಬಲೆ ಕತ್ತರಿಸಬೇಕಾಗುತ್ತದೆ, ಆ ಬಲೆಯ ಹಣ ಯಾರು ಕೊಡುತ್ತಾರೆ? ಕಲಾಸಿಗಳ ಪಾಲು ಲಾಭದಲ್ಲೇ ಹಂಚಿಕೆಯಾಗುವುದು. ಬಲೆ ಹೋದರೆ ಅವರ ಪಾಲೂ ಹೋಯಿತು. ಇನ್ನೊಂದು: ಬಿಡುವುದು ಎಂದರೆ ಹೇಗೆ ಬಿಡುವುದು? ಇನ್ನೂರು ಕಿಲೋ ಜೀವಂತ ಪ್ರಾಣಿ ಡೆಕ್ಕಿನ ಮೇಲೆ ರೆಕ್ಕೆ ಬಡಿಯುತ್ತಿದ್ದರೆ ಹತ್ತಿರ ಹೋಗುವುದೇ ಕಷ್ಟ. ಕಿವಿರಿನ ಸೀಳಿಗೆ ಕೈ ಹಾಕಿ ಎಳೆಯುತ್ತಾರೆ, ಇಲ್ಲವೇ ಕೊಕ್ಕೆ ಹಾಕುತ್ತಾರೆ. ನೀರಿಗೆ ಬಿಟ್ಟ ಮೇಲೆ ಬದುಕಿತೋ ಸತ್ತಿತೋ ನೋಡಿದವರಾರು?

---

ನೀರ್ಗನ್ನಡಿ

ಮೊದಲು ಹಣದ ಮಾತು. ಇದಕ್ಕೆ ನಮ್ಮ ಪಕ್ಕದಲ್ಲೇ ಎರಡು ಉದಾಹರಣೆಗಳಿವೆ. ಮಹಾರಾಷ್ಟ್ರದಲ್ಲಿ 2018ರಿಂದ, ಸಂರಕ್ಷಿತ ಕಡಲಜೀವಿ ಬಲೆಗೆ ಸಿಕ್ಕಿ ಅದನ್ನು ಬಲೆ ಕತ್ತರಿಸಿ ಬಿಟ್ಟರೆ 25,000 ರೂಪಾಯಿವರೆಗೆ ಪರಿಹಾರ ಕೊಡುವ ಯೋಜನೆ ಇದೆ. ಗುಜರಾತಿನದು ಇನ್ನೂ ಹಳೆಯದು. ಅಲ್ಲಿ ಪಿತ್ತಜನಕಾಂಗದ ಎಣ್ಣೆಗಾಗಿ ತಿಮಿಂಗಿಲ ಶಾರ್ಕ್‌ಗಳನ್ನು ಕೊಲ್ಲುತ್ತಿದ್ದರು. 2001ರಲ್ಲಿ ಕಾಯ್ದೆಯ ರಕ್ಷಣೆ ಬಂತು, ಅಷ್ಟರಿಂದ ಬೇಟೆ ನಿಲ್ಲಲಿಲ್ಲ. 2004ರಲ್ಲಿ ಕಥಾವಾಚಕ ಮೊರಾರಿ ಬಾಪು ಅವರು ಆಂದೋಲನದ ಜೊತೆ ಕೈಜೋಡಿಸಿ, ಆ ಮೀನು ಹೆರಿಗೆಗೆಂದು ತವರಿಗೆ ಬರುವ ಮಗಳಿದ್ದಂತೆ ಎಂದು ಹೇಳಿದರು. 'ವಹಾಲಿ' ಎಂದು ಅಕ್ಕರೆಯ ಹೆಸರಿಟ್ಟರು. ಹರಿದ ಬಲೆಗೆ ಸರ್ಕಾರ ಪರಿಹಾರ ಕೊಟ್ಟಿತು. ಹಿಂದೆ ಬೇಟೆಯಾಡುತ್ತಿದ್ದ ಮೀನುಗಾರರೇ ಇವತ್ತಿಗೆ ನೂರಾರು ತಿಮಿಂಗಿಲ ಶಾರ್ಕ್‌ಗಳನ್ನು ಬಲೆ ಕತ್ತರಿಸಿ ಬಿಟ್ಟಿದ್ದಾರೆ. ತವರಿನ ಮಾತು ಮನಸ್ಸಿಗೆ ತಾಗಿತು, ಬಲೆಯ ದುಡ್ಡು ಹೊಟ್ಟೆಗೆ ತಾಗಿತು. ಒಂದೇ ಇದ್ದಿದ್ದರೆ ಸಾಲುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಬಿಡುವ ಬಗೆಗೆ ಬರುತ್ತೇನೆ. ಕಿವಿರಿನ ಸೀಳಿಗೆ ಕೈ ಹಾಕಿದರೆ, ಕೊಂಬು ಹಿಡಿದು ಎಳೆದರೆ, ಕೊಕ್ಕೆ ಚುಚ್ಚಿದರೆ, ಅದು ಈಜಿ ಹೋದಂತೆ ಕಂಡರೂ ಉಳಿಯುವುದು ಕಷ್ಟ. ಬಾಲ ಹಿಡಿದು ಎತ್ತುವುದೂ ಬೇಡ. ದೊಡ್ಡದಾದರೆ ಡೆಕ್ಕಿಗೆ ತರುವುದೇ ಬೇಡ. ನೀರಿನಲ್ಲಿರುವಾಗಲೇ ಬಲೆಯ ಬಾಯಿ ತಗ್ಗಿಸಿ ಅಥವಾ ಕತ್ತರಿಸಿ ಬಿಡಿ. ಡೆಕ್ಕಿಗೆ ಬಂದೇ ಬಿಟ್ಟಿದ್ದರೆ ದಪ್ಪ ಟಾರ್ಪಾಲು ಅಥವಾ ಸರಕಿನ ಬಲೆಯನ್ನು ಅಡಿಗೆ ತೂರಿಸಿ, ನಾಲ್ಕೂ ಮೂಲೆಯಿಂದ ಎತ್ತಿ ಅಂಚಿನಿಂದ ಜಾರಿಸಬೇಕು. ಚಿಕ್ಕದನ್ನು ಇಬ್ಬರು ಎರಡು ರೆಕ್ಕೆಗಳ ಅಡಿ ಕೈ ಕೊಟ್ಟು ಎತ್ತಬಹುದು. ಎಲ್ಲಕ್ಕಿಂತ ಮುಖ್ಯ ಬೇಗ ಬಿಡುವುದು. ಉಳಿದ ಮೀನು ವಿಂಗಡಿಸಿ ಆಮೇಲೆ ನೋಡೋಣ ಎಂದರೆ ಅದರ ಕಥೆ ಮುಗಿದಂತೆ.

---

ತೆರೆಮೇಲೆ

ನಮ್ಮ ಊರಿನ ಬೋಟುಗಳು ಜೂನ್, ಜುಲೈಯಲ್ಲಿ ನಿಷೇಧಕ್ಕೆ ದಡದಲ್ಲಿರುತ್ತವೆ. ಇಲ್ಲಿ ಮಂಟಾಗಳು ಸೇರುವುದೂ ಅದೇ ನೈಋತ್ಯ ಮುಂಗಾರಿನ ಗಾಳಿಗೆ. ಮುಂಗಾರು ನೀರನ್ನು ಪೂರ್ವಕ್ಕೆ ತಳ್ಳುತ್ತದೆ, ಅಟಾಲ್‌ಗಳ ಪೂರ್ವ ಅಂಚಿನಲ್ಲಿ ಪ್ಲವಕ ಏಳುತ್ತದೆ, ಮಂಟಾಗಳು ಅಲ್ಲಿಗೆ ಸರಿಯುತ್ತವೆ. ಗಾಳಿ ತಿರುಗಿದ ಮೇಲೆ ಪಶ್ಚಿಮಕ್ಕೆ. ಗಾಳಿ ದುರ್ಬಲವಾದ ವರ್ಷ ಇಲ್ಲಿನ ಗೈಡ್‌ಗಳು ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತಾರೆ.

ದಕ್ಕೆಯಣ್ಣ, ಆ ನಿಷೇಧದ ಎರಡು ತಿಂಗಳಲ್ಲಿ ನಿಮ್ಮ ಸಂಘದ ಸಭೆ ನಡೆಯುತ್ತದಲ್ಲವೇ? ನೀರ್ಗನ್ನಡಿಯವರು ಬರೆದದ್ದನ್ನು ಅಲ್ಲಿ ಓದಿ ಹೇಳಬಹುದೇ?

---

ದಕ್ಕೆಯವ

ಓದಿದರೆ ಯಾರೂ ಕೇಳುವುದಿಲ್ಲ ತಂಗಿ. ಚಿತ್ರ ಬೇಕು. ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು, ಅಷ್ಟೇ. ಅಕ್ಷರ ಕಡಿಮೆ ಇರಲಿ, ಕನ್ನಡದಲ್ಲಿರಲಿ. ನಮ್ಮಲ್ಲಿ ಕಲಾಸಿಗಳು ಒಡಿಶಾ, ಆಂಧ್ರ, ಜಾರ್ಖಂಡ್‌ನಿಂದಲೂ ಬರುತ್ತಾರೆ, ಆದ್ದರಿಂದ ಚಿತ್ರವೇ ಮಾತನಾಡಬೇಕು. ವ್ಹೀಲ್‌ಹೌಸಿನ ಬಾಗಿಲಿಗೆ ಅಂಟಿಸುತ್ತೇವೆ. ಪರಿಹಾರದ ವಿಷಯವನ್ನು ಸಂಘದ ಮನವಿಯಲ್ಲಿ ಸೇರಿಸಲು ನಾನು ಹೇಳುತ್ತೇನೆ, ಮಹಾರಾಷ್ಟ್ರದ ಉದಾಹರಣೆ ಕೊಟ್ಟು. ಕೊಡುತ್ತಾರೋ ಇಲ್ಲವೋ ಬೇರೆ ಮಾತು.

---

ನೀರ್ಗನ್ನಡಿ

ಚಿತ್ರ ನಾನು ಬರೆಯುತ್ತೇನೆ. ಹಿಡಿಯಬಾರದ ಜಾಗಗಳಿಗೆ, ಅಂದರೆ ಕೊಂಬು, ಕಿವಿರಿನ ಸೀಳು, ಬಾಲಕ್ಕೆ ಕೆಂಪು ಬಣ್ಣ ಹಾಕಲೇ?

---

ದಕ್ಕೆಯವ

ಕೆಂಪು ಬೇಡ. ರಾತ್ರಿ ಡೆಕ್ಕಿನ ದೀಪಕ್ಕೆ ಕೆಂಪು ಕಪ್ಪಾಗಿಯೇ ಕಾಣುತ್ತದೆ, ತೊರಕೆಯ ಬೆನ್ನೂ ಕಪ್ಪು. ಹಳದಿ ಹಾಕಿ. ಮತ್ತೆ ಕಾಗದವಾದರೆ ಉಪ್ಪುನೀರಿಗೆ ಒಂದು ವಾರವೂ ಬಾಳುವುದಿಲ್ಲ, ಫ್ಲೆಕ್ಸ್‌ನಲ್ಲಿ ಮಾಡಿಸಿ. ಅದರ ಖರ್ಚು ನನ್ನದು.